ಒಂಟೆಪಾದದ ಜೀಪು

ನಮ್ಮ ಮನೆಯಲ್ಲಿ ವಯಸ್ಸಾದವರು ಇಬ್ಬರು. ಒಬ್ಬರು ಅಪ್ಪಯ್ಯ, ಇನ್ನೊಂದು ಜೀಪು. ಇಬ್ಬರಿಗೂ ಬೆಳಿಗ್ಗೆ ಏಳಲು ಹೊತ್ತು ಬೇಕು, ಎದ್ದ ಮೇಲೆ ಒಂದಷ್ಟು ಕೆಮ್ಮಬೇಕು, ಆಮೇಲೆ ಇಬ್ಬರನ್ನೂ ಹಿಡಿಯುವವರಿಲ್ಲ. ಅಪ್ಪಯ್ಯನ ಮಂಡಿಗೆ ಎಣ್ಣೆ ತಿಕ್ಕುವುದು ಅಮ್ಮನ ಕೆಲಸ. ಜೀಪಿನ ಕೀಲುಗಳಿಗೆ ಗ್ರೀಸ್ ಹೊಡೆಯುವುದು ನನ್ನದು.

ನಮ್ಮದು ಮಹೀಂದ್ರದವರ ಹಳೆಯ ಸಿಜೆ-3ಬಿ, ಮಲೆನಾಡಿನಲ್ಲಿ ಕಾಫಿ, ಅಡಿಕೆ, ಗೊಬ್ಬರ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತ ಜಾತಿ. ಇದರ ಬಾನೆಟ್ಟು ಉಳಿದ ಜೀಪುಗಳಿಗಿಂತ ಎತ್ತರ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಈ ಮಾಡೆಲ್ಲಿಗೆ ಎತ್ತರದ ಹೊಸ ಎಂಜಿನ್ ಕೂರಿಸಿತು. ಎಂಜಿನ್ ಒಳಗೆ ಹಿಡಿಯಲಿಲ್ಲ, ಮುಚ್ಚಳವನ್ನೇ ಎತ್ತರಿಸಿದರು. ಹಬ್ಬದ ದಿನ ಅನ್ನ ಉಕ್ಕಿ ತಪ್ಪಲೆಯ ಮುಚ್ಚಳ ಎದ್ದಂತೆ ಕಾಣುವ ಆ ಮೂತಿಯೇ ಇದರ ಗುರುತು.

ಇಂಥ ಜೀಪಿಗೆ ಸಪೂರ ಚಕ್ರ. 6.00-16 ಎಂದು ಟಯರಿನ ಮೇಲೆ ಬರೆದಿರುತ್ತದೆ: ಅಗಲ 6 ಇಂಚು, ರಿಮ್ಮು 16 ಇಂಚಿನದು. ಮಡಿಕೇರಿಗೆ ಹೋಗಿದ್ದಾಗ ಮಾಂದಲ್‌ಪಟ್ಟಿಯ ದಾರಿಯಲ್ಲಿ ಅಗಲ ಚಕ್ರದ ಜೀಪೊಂದು ಗುಟುರು ಹಾಕುತ್ತಾ ಹೋದದ್ದೇ ನೆಪ, ನನ್ನ ತಲೆ ಕೆಟ್ಟಿತು. ನಮ್ಮ ಜೀಪು ಸೊಣಕಲು ಕಾಲಿನ ಮದುಮಗನಂತೆ ಕಾಣತೊಡಗಿತು. ಆ ವರ್ಷದ ಕಾಳುಮೆಣಸಿನ ದುಡ್ಡು ಒಯ್ದು, 31 ಇಂಚು ಎತ್ತರ, 10.5 ಇಂಚು ಅಗಲದ ನಾಲ್ಕು ಟಯರನ್ನೂ, ಹೊರಕ್ಕೆ ಉಬ್ಬಿದ 15 ಇಂಚಿನ ರಿಮ್ಮುಗಳನ್ನೂ ಹಾಕಿಸಿಕೊಂಡು ಬಂದೆ.

ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ ಕನ್ನಡಕ ಏರಿಸಿ ನೋಡಿದರು. "ಪಂಚೆ ಉಟ್ಟವನು ಗಂಬೂಟು ಹಾಕಿದ ಹಾಗಿದೆ" ಎಂದು ಹೇಳಿ ಎಲೆಯಡಿಕೆಗೆ ಸುಣ್ಣ ಹಚ್ಚಿದರು.

ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟಯರು ಮುಂದಿನ ಕಮಾನು ಪಟ್ಟಿಗೆ ಉಜ್ಜಿ ಕರ್ ಎನ್ನುತ್ತಿತ್ತು. ಪವರ್ ಸ್ಟೀರಿಂಗ್ ಇಲ್ಲದ ಗಾಡಿ, ಪವರೆಲ್ಲ ನನ್ನ ರಟ್ಟೆಯದೇ. ಚಕ್ರ ದೊಡ್ಡದಾಗಿದ್ದರಿಂದ ಮೀಟರು 50 ತೋರಿಸಿದರೆ ಗಾಡಿ 54ರ ಹತ್ತಿರ ಓಡುತ್ತಿತ್ತು, ಏರಿನಲ್ಲಿ ಮಾತ್ರ ಅದೇ ಲೆಕ್ಕಕ್ಕೆ ಸುಸ್ತಾಗುತ್ತಿತ್ತು. ಮಡ್‌ಗಾರ್ಡಿನಿಂದ ಆಚೆ ಚಾಚಿದ ಚಕ್ರ ರಸ್ತೆಯ ಕೆಸರನ್ನೆಲ್ಲ ಎತ್ತಿ ನೇರ ಹೆಂಡತಿಯ ಸೀರೆಗೆ ಪ್ರೋಕ್ಷಣೆ ಮಾಡುತ್ತಿತ್ತು.

ಆರಿದ್ರಾ ಮಳೆ ಹಿಡಿದಾಗ ಪೂರ್ತಿ ಪರೀಕ್ಷೆ. ತೋಟದ ದಾರಿಯಲ್ಲಿ ಅಗಲ ಟಯರುಗಳು ಕೆಸರಿನ ಮೇಲೆ ತೇಲಿ, ಗಾಡಿ ಮಗ್ಗುಲಾಗಿ ಜಾರಿ ಚರಂಡಿಯಲ್ಲಿ ಕೂತಿತು. ಎಳೆದು ಹಾಕಿದ್ದು ಪಕ್ಕದ ತೋಟದವರ ಜೀಪು. ಅದರ ಚಕ್ರ ಸಪೂರದ್ದೇ ಎಂದು ಬೇರೆ ಹೇಳಬೇಕಿಲ್ಲ.

ಇದರ ಮೇಲೆ ನಡುಕ ಶುರುವಾಯಿತು. 50ರ ವೇಗದಲ್ಲಿ ಒಂದು ಗುಂಡಿ ಸಿಕ್ಕಿದರೆ ಸಾಕು, ಮುಂದಿನ ಚಕ್ರಗಳೆರಡೂ ಮೈಮೇಲೆ ದೇವರು ಬಂದಂತೆ ಕುಣಿಯುತ್ತಿದ್ದವು. ಟಯರನ್ನೇ ಸಂಶಯಿಸಿ, ಬಿಚ್ಚಿ ನೋಡೋಣವೆಂದು ಅಂಗಳದಲ್ಲಿ ಜಾಕ್ ಕೊಟ್ಟೆ. ಬಲಗಡೆಯ ಐದು ನಟ್ಟು ಸಲೀಸಾಗಿ ಬಂದವು. ಎಡಗಡೆಯದು ಜಪ್ಪಯ್ಯ ಎನ್ನಲಿಲ್ಲ. ಸೀಮೆಎಣ್ಣೆ ಬಿಟ್ಟೆ, ಸ್ಪಾನರಿಗೆ ಪೈಪು ಸಿಕ್ಕಿಸಿದೆ, ಕೊನೆಗೆ ಪೈಪಿನ ಮೇಲೆ ಹತ್ತಿ ನಿಂತೆ. ಟಪ್! ನಟ್ಟಿನ ಜೊತೆ ಸ್ಟಡ್ಡೂ ಕೈಗೆ ಬಂತು, ನಾನು ಸೊಂಟದ ಮೇಲೆ ನೆಲಕ್ಕೆ ಬಂದೆ.

ಗ್ಯಾರೇಜಿನ ಮೇಸ್ತ್ರಿ ತುಂಡಾದ ಸ್ಟಡ್ಡನ್ನು ಪಂಚೆಯ ತುದಿಯಲ್ಲಿ ಒರೆಸಿ ನನ್ನ ಕಣ್ಣ ಮುಂದೆ ಹಿಡಿದರು. ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ 'ಎಲ್' ಅಕ್ಷರ.

"ಎಡಗಡೆ ನಟ್ಟೆಲ್ಲ ಎಡಚರು ಮಾರಾಯ್ರೇ. ತಿರುಪು ಉಲ್ಟಾ. ನೀವು ಬಿಚ್ಚಿದ್ದಲ್ಲ, ಬಿಗಿ ಮಾಡಿದ್ದು."

ಚಕ್ರ ಮುಂದಕ್ಕೆ ತಿರುಗುವಾಗ ನಟ್ಟು ಸಡಿಲವಾಗದಿರಲೆಂದು ಯುದ್ಧಕಾಲದ ವಿಲ್ಲಿಸ್ ಜೀಪಿನಿಂದಲೇ ಬಂದ ಏರ್ಪಾಡಂತೆ. ಇಷ್ಟು ವರ್ಷ ಪಂಚರ್ ಅಂಗಡಿಯ ಹುಡುಗ ಬಿಚ್ಚುತ್ತಿದ್ದನಾದ್ದರಿಂದ ಈ ವಿದ್ಯೆ ನನ್ನವರೆಗೆ ಬಂದಿರಲಿಲ್ಲ.

ನಡುಕದ ಮೂಲ ಟಯರಲ್ಲ, ಕಿಂಗ್‌ಪಿನ್ ಎಂದು ಮೇಸ್ತ್ರಿ ತೀರ್ಪು ಕೊಟ್ಟರು. ಮುಂದಿನ ಚಕ್ರ ಅತ್ತಿತ್ತ ಹೊರಳಲು ಆಧಾರವಾದ ಗೂಟ ಅದು. ಬೇರಿಂಗು ಸವೆದು ಸಡಿಲಾಗಿತ್ತು. ಹೊರಕ್ಕೆ ಚಾಚಿದ ರಿಮ್ಮು ಅದರ ಮೇಲೆ ದಬ್ಬಾಳಿಕೆ ಮಾಡಿ ಇದ್ದ ರೋಗವನ್ನು ದೊಡ್ಡದು ಮಾಡಿತ್ತು. ಹೊಸ ಬೇರಿಂಗು ಹಾಕಿ, ಮೇಲಿನ ಮುಚ್ಚಳದಡಿ ಕಾಗದದಷ್ಟು ತೆಳ್ಳನೆಯ ಶಿಮ್ಮುಗಳನ್ನು ಒಂದೊಂದಾಗಿ ತೆಗೆದು ಬಿಗಿ ಮಾಡಿದರು. ಬಿಗಿ ಸಾಕೋ ಬೇಕೋ ನೋಡಲು ಅವರು ಹೊರತೆಗೆದದ್ದು ಮೀನು ತೂಗುವ ಸ್ಪ್ರಿಂಗ್ ತಕ್ಕಡಿ! ಅದರ ಕೊಕ್ಕೆಯನ್ನು ಚಕ್ರದ ಕೀಲಿಗೆ ಸಿಕ್ಕಿಸಿ ಮೆಲ್ಲಗೆ ಎಳೆದು, ಮುಳ್ಳು ನೋಡಿ, ಇನ್ನೊಂದು ಶಿಮ್ಮು ತೆಗೆದು, ಮತ್ತೆ ಎಳೆದರು. ಭೂತಾಯಿ ಮೀನು ತೂಗುವವನೂ ಅಷ್ಟು ನಿಯತ್ತಿನಿಂದ ಮುಳ್ಳು ನೋಡಿದ್ದನ್ನು ನಾನು ಕಂಡಿಲ್ಲ.

"ಹಾಗಾದ್ರೆ ಈ ಟಯರು?" ಎಂದೆ.

"ಮರಳಲ್ಲಿ ಹೂತುಹೋಗದ ಹಾಗೆ ಒಂಟೆಗೆ ಅಗಲ ಪಾದ ಕೊಟ್ಟಿದ್ದಾನೆ ದೇವರು. ನಮ್ಮ ಕೆಸರಿಗೆ ಎತ್ತಿನ ಗೊರಸೇ ಸೈ. ಸಪೂರ ಇದ್ರೆ ಕೆಸರು ಸೀಳಿ ಅಡಿಯ ಗಟ್ಟಿ ನೆಲ ಹಿಡೀತದೆ. ನೀವು ಎತ್ತಿಗೆ ಒಂಟೆ ಪಾದ ಕಟ್ಟಿಸ್ಕೊಂಡು ಬಂದೀರಿ."

ಅಟ್ಟದ ಮೇಲಿದ್ದ ಹಳೆಯ ರಿಮ್ಮುಗಳು ಇಳಿದವು. ತುಕ್ಕು ಉಜ್ಜಿ, ಬಣ್ಣ ಬಳಿದು, ಹೊಸ 6.00-16 ಟಯರು ಹಾಕಿಸಿದೆ. ಈಗ ಭಾನುವಾರ ಬೆಳಿಗ್ಗೆ ಗ್ರೀಸ್ ಗನ್ ಹಿಡಿದು ಜೀಪಿನಡಿ ನುಸುಳುತ್ತೇನೆ. ಶ್ಯಾಕಲ್, ಟೈರಾಡ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಎಲ್ಲಕ್ಕೂ ಹಳೆಯ ಕಪ್ಪು ಗ್ರೀಸು ಹೊರಬಿದ್ದು ಹೊಸದು ಇಣುಕುವವರೆಗೆ ಒತ್ತುತ್ತೇನೆ. ರಾತ್ರಿ ಗಾಡಿಯಡಿ ಇಟ್ಟ ಅಡಿಕೆ ಹಾಳೆಯಲ್ಲಿ ಬಿದ್ದ ಹನಿಗಳನ್ನು ತಾಂಬೂಲ ಪ್ರಶ್ನೆಯ ಜೋಯಿಸರಂತೆ ಪರೀಕ್ಷಿಸುತ್ತೇನೆ: ತೆಳ್ಳಗೆ ಕಪ್ಪಾಗಿದ್ದರೆ ಎಂಜಿನ್ ಆಯಿಲ್, ದಪ್ಪಗಿದ್ದು ಮೂಗಿಗೆ ಘಾಟು ಹೊಡೆದರೆ ಗೇರ್ ಆಯಿಲ್, ಚಕ್ರದ ಒಳಮೈಯಿಂದ ನೀರಿನಂತೆ ಇಳಿದಿದ್ದರೆ ಬ್ರೇಕ್ ಆಯಿಲ್. ಈ ಕೊನೆಯದು ಕಂಡ ದಿನ ಗಾಡಿ ಅಂಗಳ ಬಿಡುವುದಿಲ್ಲ.

ಕಾಳುಮೆಣಸಿನ ದುಡ್ಡಿನ ನಾಲ್ಕು ಟಯರುಗಳಲ್ಲಿ ಒಂದು ಮಗಳ ಜೋಕಾಲಿಯಾಗಿದೆ, ಎರಡರಲ್ಲಿ ಹೆಂಡತಿ ಡೇರೆ ಗಿಡ ನೆಟ್ಟಿದ್ದಾಳೆ. ಇನ್ನೊಂದರ ಮೇಲೆ ಅಪ್ಪಯ್ಯ ಸಂಜೆ ಕೂರುತ್ತಾರೆ, ಮಂಡಿಗೆ ಅನುಕೂಲವಂತೆ.

ಹಳೆ ಜೀಪು ಕೊಳ್ಳುವ ಆಸೆ ನಿಮಗೂ ಇದ್ದರೆ, ಅಗಲ ಚಕ್ರಕ್ಕೆ ಇಟ್ಟ ದುಡ್ಡಿನಲ್ಲಿ ಮೊದಲು ಒಂದು ಗ್ರೀಸ್ ಗನ್ ತನ್ನಿ. ಎಡಗಡೆಯ ನಟ್ಟಿಗೆ ಸ್ಪಾನರ್ ಹಾಕುವ ಮುನ್ನ ಸ್ಟಡ್ಡಿನ ತುದಿ ಒರೆಸಿ ಓದಿ.