ಸ್ವಿಟ್ಜರ್ಲೆಂಡ್ ಬಳಸುವ ವಿಧಾನ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಕುಟುಂಬಗಳಿಗಾಗಿ. ಬಳಸುವ ಮುನ್ನ ಪೂರ್ತಿ ಓದಿರಿ. ಓದುವ ಕೆಲಸವನ್ನು ಮನೆಯ ಯಜಮಾನರಿಗೆ ಒಪ್ಪಿಸಬೇಡಿರಿ. ಅವರು ಮೊದಲ ಪುಟದಲ್ಲೇ “ನಮಗ ಎಲ್ಲಾ ಗೊತ್ತೈತಿ” ಎಂದು ಮಡಚಿಡುತ್ತಾರೆ.

1. ಬಿಡಿಭಾಗಗಳ ಪಟ್ಟಿ

ಯಜಮಾನರು ಒಬ್ಬರು, ಮುಧೋಳದ ಕಬ್ಬಿನ ರೈತರು. ಯಜಮಾನತಿ ಒಬ್ಬರು, ರೊಕ್ಕದ ಚೀಲ ನಿಜವಾಗಿ ಇರುವುದು ಇವರ ಬಳಿ. ಹದಿನಾರರೊಳಗಿನ ಮಕ್ಕಳು ಇಬ್ಬರು. ಜಮಖಂಡಿಯ ಆಯಿ ಒಬ್ಬರು. ಬೀಳಗಿಯ ಮುತ್ಯಾ ಒಬ್ಬರು, ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟವರು. ಬನಹಟ್ಟಿಯ ಮಾಮಾ ಒಬ್ಬರು, ಪವರ್‌ಲೂಮ್ ಮಾಲೀಕರು. ಒಟ್ಟು ಏಳು ಭಾಗಗಳು. ರೈಲು ನಿಲ್ದಾಣಗಳಲ್ಲಿ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಎಣಿಸಿಕೊಳ್ಳತಕ್ಕದ್ದು. ಕಳೆದುಹೋದ ಭಾಗಕ್ಕೆ ಬದಲಿ ಸಿಗುವುದಿಲ್ಲ.

2. ಹೊರಡುವ ಮುನ್ನ

ವೀಸಾಕ್ಕೆ ಬೆರಳಚ್ಚು ಕೊಡಬೇಕು. ಮೂವತ್ತು ಸಾವಿರ ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. “ನಾವು ಗಟ್ಟಿಮುಟ್ಟ ಅದೀವ್ರಿ” ಎಂಬ ಆಯಿಯ ಹೇಳಿಕೆಯನ್ನು ವಿಮೆಯ ಬದಲಿಗೆ ಸ್ವೀಕರಿಸುವುದಿಲ್ಲ.

ಭಾರತದಿಂದ ಆ ದೇಶಕ್ಕೆ ಮಾಂಸ, ಹಾಲು ಮತ್ತು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಪೇಡೆ, ಬೆಳಗಾವಿ ಕುಂದಾ ಮನೆಯಲ್ಲೇ ಉಳಿಯಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಹೋಗಲಿ. ಸೂಟ್‌ಕೇಸಿನೊಳಗೆ ರೊಟ್ಟಿ ಒಡೆಯುತ್ತದೆ ಎಂದು ಯಜಮಾನತಿ ಮರುಗಬಾರದು. ಮೊಸರಿನಲ್ಲಿ ಮುರಿದುಕೊಂಡು ತಿನ್ನುವವರಿಗೆ ಅರ್ಧ ಕೆಲಸವನ್ನು ವಿಮಾನದವರೇ ಮಾಡಿಕೊಟ್ಟಿರುತ್ತಾರೆ.

3. ಲೆಕ್ಕದ ಮಾಪಕವನ್ನು ಹೊಂದಿಸುವುದು

ಈ ದೇಶದ ನಾಣ್ಯ ಫ್ರಾಂಕ್. ಆದರೆ ಕೃಷ್ಣಾ-ಘಟಪ್ರಭಾ ದಂಡೆಯವರ ತಲೆಯಲ್ಲಿ ಓಡುವ ನಾಣ್ಯ ಬೇರೆ, ಅದು ಕಬ್ಬಿನ ಟನ್. 2025ರ ನವೆಂಬರ್‌ನಲ್ಲಿ ರೈತರು ರಸ್ತೆಗಿಳಿದ ಮೇಲೆ ಸರ್ಕಾರ ಟನ್ನಿಗೆ 3,300 ರೂಪಾಯಿ ಎಂದಿತು. ಒಂದು ಫ್ರಾಂಕ್‌ಗೆ 110 ರೂಪಾಯಿ ಎಂದು ಹಿಡಿಯಿರಿ. ಒಂದು ಟನ್ ಕಬ್ಬಿಗೆ ಮೂವತ್ತು ಫ್ರಾಂಕ್. ಇದನ್ನು ಬಾಯಿಪಾಠ ಮಾಡಿರಿ.

ಒಂದು ಕಾಫಿಗೆ ಸುಮಾರು ಐದು ಫ್ರಾಂಕ್, ಅಂದರೆ ಒಂದೂವರೆ ಕ್ವಿಂಟಲ್‌ಗಿಂತ ಹೆಚ್ಚು ಕಬ್ಬು. ಸಾದಾ ಹೋಟೆಲಿನಲ್ಲಿ ಒಬ್ಬರ ಊಟಕ್ಕೆ ಒಂದು ಟನ್. ಏಳು ಜನ ಒಮ್ಮೆ ಕೂತು ಎದ್ದರೆ ಟ್ರೇಲರಿನ ಅರ್ಧಕ್ಕಿಂತ ಹೆಚ್ಚು ಖಾಲಿ. ನಿಲ್ದಾಣದ ಶೌಚಾಲಯಕ್ಕೂ ಒಂದೆರಡು ಫ್ರಾಂಕ್ ತೆರಬೇಕು. ಆದ್ದರಿಂದ ಹೋಟೆಲ್ ಬಿಡುವ ಮುನ್ನವೇ ಎಲ್ಲರನ್ನೂ ಶೌಚಕ್ಕೆ ಕಳಿಸುವುದು ಉಳಿತಾಯದ ಮೊದಲ ಸೂತ್ರ.

ಎಚ್ಚರಿಕೆ: ಈ ಮಾಪಕವನ್ನು ಮನಸ್ಸಿನಲ್ಲಿ ಮಾತ್ರ ಓಡಿಸಬೇಕು. ಬಿಲ್ ಬಂದಾಗ “ಏಳು ಟನ್ ಹೋತಲೋ ಯಪ್ಪಾ!” ಎಂದು ಗಟ್ಟಿಯಾಗಿ ಕೂಗಿದರೆ ಊಟ ಬಡಿಸಿದ ಹುಡುಗಿ ಹೆದರುತ್ತಾಳೆ, ಬಿಲ್ ಕಡಿಮೆಯಾಗುವುದಿಲ್ಲ.

4. ಮೊದಲನೆಯ ದಿನ

ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ತಡೆಗೇಟು ಇಲ್ಲ, ನೂಕುನುಗ್ಗಲಿಲ್ಲ, ಕೇಳುವವರೂ ಕಾಣುವುದಿಲ್ಲ. ಮಾಮಾ ಇದನ್ನು ಅವಕಾಶವೆಂದು ತಿಳಿಯಬಾರದು. ತಪಾಸಣೆಯವರು ರೈಲಿನೊಳಗೆ ಬರುತ್ತಾರೆ, ಟಿಕೆಟ್ ಇಲ್ಲದಿದ್ದರೆ ಸುಮಾರು ನೂರು ಫ್ರಾಂಕ್ ದಂಡ, ಮೂರು ಟನ್‌ಗೂ ಮೇಲೆ. ರೈಲು, ಬಸ್ಸು, ದೋಣಿ ಎಲ್ಲಕ್ಕೂ ಒಂದೇ ಪ್ರವಾಸಿ ಪಾಸ್ ಸಿಗುತ್ತದೆ. ಅಪ್ಪ-ಅವ್ವನ ಪಾಸ್ ಇದ್ದರೆ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ, ಹದಿನಾರರೊಳಗಿನ ಮಕ್ಕಳಿಗೆ ಪುಕ್ಕಟೆ. ಇಡೀ ದೇಶದಲ್ಲಿ ಯಜಮಾನರ ಮುಖ ಅರಳುವ ಮೊದಲ ಜಾಗ ಇದೇ.

ಎರಡನೆಯದು ನೀರು. ಹೋಟೆಲಿನಲ್ಲಿ ಬಾಟಲಿ ನೀರಿಗೆ ಊಟದಷ್ಟೇ ಭಕ್ತಿಯಿಂದ ರೊಕ್ಕ ಎಣಿಸಬೇಕು. ಬೀದಿಯ ಕಾರಂಜಿಯ ನೀರು ಪುಕ್ಕಟೆ, ಕುಡಿಯಲು ಯೋಗ್ಯ. ಜ್ಯೂರಿಕ್ ಒಂದರಲ್ಲೇ ಇಂಥ ಸಾವಿರದ ಇನ್ನೂರಕ್ಕೂ ಹೆಚ್ಚು ಕಾರಂಜಿಗಳಿವೆ. ಕೊಯ್ನಾದಿಂದ ಕೃಷ್ಣೆಗೆ ನೀರು ಬಿಡಿಸಿ ಎಂದು ಬೇಸಿಗೆಯಲ್ಲಿ ಮಹಾರಾಷ್ಟ್ರಕ್ಕೆ ಪತ್ರ ಬರೆಯಬೇಕಾದ ನಾಡಿನಿಂದ ಬಂದ ಆಯಿ, ಹಗಲೂ ರಾತ್ರಿ ಸುಮ್ಮನೆ ಹರಿಯುವ ನಳ ಕಂಡು ಅದನ್ನು ಬಂದ್ ಮಾಡಲು ತಿರುವಿನ ಕೀಲಿ ಹುಡುಕುತ್ತಾರೆ. ಕೀಲಿ ಇಲ್ಲವೆಂದು ಮೃದುವಾಗಿ ತಿಳಿಸಿ ಕರೆದೊಯ್ಯಿರಿ.

ಬೇಸಿಗೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ದೀಪ ಹಚ್ಚಿದ ಮೇಲೇ ಊಟ ಎಂಬ ಆಯಿಯ ನೇಮವನ್ನು ಇಲ್ಲಿ ಪಾಲಿಸಿದರೆ ಅದು ಉಪವಾಸ ವ್ರತವಾಗುತ್ತದೆ. ಕೋಣೆಯಲ್ಲಿ ಊದಿನಕಡ್ಡಿ ಹಚ್ಚಬೇಡಿ. ಛಾವಣಿಯ ಹೊಗೆ ಯಂತ್ರ ಚೀರಿಕೊಂಡರೆ ದೇವರಿಗಿಂತ ಮೊದಲು ಅಗ್ನಿಶಾಮಕದವರು ಪ್ರತ್ಯಕ್ಷರಾಗುತ್ತಾರೆ.

5. ಎರಡನೆಯ ದಿನ (ಭಾನುವಾರವಾದರೆ ವಿಶೇಷ ಸೂಚನೆ)

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣ ಮತ್ತು ವಿಮಾನ ನಿಲ್ದಾಣದ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಶನಿವಾರವೇ ಮಿಗ್ರೋ ಅಥವಾ ಕೋಪ್ ಅಂಗಡಿಯಿಂದ ಮೊಸರು, ಉಳ್ಳಾಗಡ್ಡಿ, ಸವತೆಕಾಯಿ ತಂದಿಟ್ಟುಕೊಳ್ಳಿ. ಮೊಸರನ್ನು ಮಕ್ಕಳಿಂದ ಓದಿಸಿಯೇ ಕೊಳ್ಳಿ. ಇಲ್ಲದಿದ್ದರೆ ಸ್ಟ್ರಾಬೆರಿ ಮೊಸರಿನಲ್ಲಿ ಗುರೆಳ್ಳು ಚಟ್ನಿ ಕಲಸಬೇಕಾದೀತು. ಸಕ್ಕರೆ ಪೊಟ್ಟಣ ಕಂಡೊಡನೆ ಯಜಮಾನರು ರಿಕವರಿ ಎಷ್ಟು ಎಂದು ಕೇಳುತ್ತಾರೆ. ಅಲ್ಲಿ ಬೆಳೆಯುವುದು ಕಬ್ಬಲ್ಲ, ಸಕ್ಕರೆ ಬೀಟ್. ಆರ್‌ಬರ್ಗ್ ಮತ್ತು ಫ್ರೌಯೆನ್‌ಫೆಲ್ಡ್‌ನಲ್ಲಿ ಕಾರ್ಖಾನೆಗಳಿವೆ. ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲು ನೋಡಿ ಬರೋಣ ಎಂಬ ಬೇಡಿಕೆಯನ್ನು ಮುಂದಿನ ಪ್ರವಾಸಕ್ಕೆ ಮುಂದೂಡಿರಿ.

ಮಾಮಾ ಮೇಜುವಸ್ತ್ರದ ಅಂಚು ಹಿಡಿದು, ಇಂಚಿಗೆ ಎಷ್ಟು ಎಳೆ ಎಂದು ಎಣಿಸತೊಡಗಿದರೆ ತಡೆಯಬೇಡಿ. ಈ ದೇಶಕ್ಕೂ ಅವರಿಗೂ ಮಾತನಾಡಲು ವಿಷಯವಿದೆ. ಸೇಂಟ್ ಗ್ಯಾಲನ್ ಕಸೂತಿಗೆ ಹೆಸರಾದ ಊರು, ಅಲ್ಲಿ ಜವಳಿ ವಸ್ತುಸಂಗ್ರಹಾಲಯವಿದೆ. ವಿಂಟರ್‌ಥೂರ್‌ನ ಸುಲ್ಜರ್ ಕಂಪನಿಯ ಮಗ್ಗಗಳು ಜಗತ್ತಿನಾದ್ಯಂತ ಹೋದವು. ನಮ್ಮ ಜಿಲ್ಲೆಯದೇ ನೇಕಾರರ ಊರು ಗುಳೇದಗುಡ್ಡಕ್ಕೆ ಹತ್ತೊಂಬತ್ತನೇ ಶತಮಾನದಲ್ಲೇ ಇದೇ ದೇಶದ ಬಾಸೆಲ್ ಮಿಷನ್ ಬಂದಿತ್ತು. ಆ ಮಿಷನ್ನಿನಿಂದ ಬಂದ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಹೊರಬಂತು. ಅಷ್ಟು ಮಾಡಿದವರ ಕಡೆಯವರಿಗೆ ನೀವು ‘ಗ್ರೂಯೆತ್ಸಿ’ ಎಂದು ನಮಸ್ಕಾರ ಹೇಳುವುದು ಹೆಚ್ಚೇನಲ್ಲ.

ರಾತ್ರಿ ಹತ್ತರ ಮೇಲೆ ದನಿ ತಗ್ಗಿಸಿರಿ. ಊರಿಗೆ ವಿಡಿಯೋ ಕಾಲ್ ಮಾಡಿ “ಇಲ್ಲಿ ಒಂದ್ ಸಪ್ಪಳಾ ಇಲ್ಲ ನೋಡವಾ” ಎಂದು ಬಸ್‌ಸ್ಟ್ಯಾಂಡಿನ ದನಿಯಲ್ಲಿ ಹೇಳಿದರೆ ಆ ಮಾತು ಅಲ್ಲಿಗೇ ಸುಳ್ಳಾಗುತ್ತದೆ.

6. ಮೂರನೆಯ ದಿನ: ಎತ್ತರ

ನಮ್ಮ ಭಾಗದಲ್ಲಿ ಮೀಟರ್ ಎಂದರೆ ಆಲಮಟ್ಟಿಯ ನೀರಿನ ಮಟ್ಟ, 519.60. ಏರಿಸಿದರೆ 524.256. ಆದ್ದರಿಂದ ಬೀಳಗಿಯ ಮುತ್ಯಾನಿಗೆ ಜ್ಯೂರಿಕ್ ಸಮುದ್ರಮಟ್ಟದಿಂದ 408 ಮೀಟರ್ ಎತ್ತರದಲ್ಲಿದೆ ಎಂದು ಹೇಳಬೇಡಿರಿ. ಹೇಳಿದರೆ ಅವರು ಕೂಡಲೇ “ಹಂಗಾರ ಇದು ಮುಳುಗಡೆ ಊರು! ಎಕರೆಕ್ಕ ಪರಿಹಾರ ಎಷ್ಟ್ ಕೊಟ್ಟಾರಂತ ಕೇಳು” ಎನ್ನುತ್ತಾರೆ. ದಾರಿಹೋಕರಿಗೆ ಅದನ್ನು ಅನುವಾದಿಸಲು ಮಕ್ಕಳಿಗೆ ಬರುವುದಿಲ್ಲ.

ಯುಂಗ್‌ಫ್ರೌಯೋಕ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಇಂಟರ್‌ಲೇಕನ್‌ನಿಂದ ಹೋಗಿಬರಲು ತಲೆಗೆ ಏಳೆಂಟು ಟನ್ ಆಸುಪಾಸು, ಪಾಸ್ ಇದ್ದರೆ ಕಾಲುಭಾಗ ರಿಯಾಯಿತಿ. ಮೇಲೆ ನಿಧಾನ ನಡೆಯಿರಿ, ಗಾಳಿ ತೆಳುವಾಗಿರುತ್ತದೆ. ಅಷ್ಟೆತ್ತರದಲ್ಲೂ ‘ಬಾಲಿವುಡ್’ ಹೆಸರಿನ ಹೋಟೆಲಿನಲ್ಲಿ ಅನ್ನ, ದಾಲ್ ಸಿಗುತ್ತದೆ. ಕೆಳಗೆ ಇಂಟರ್‌ಲೇಕನ್‌ನಲ್ಲಿ ಹಿಂದಿ ಸಿನಿಮಾ ನಿರ್ದೇಶಕ ಯಶ್ ಚೋಪ್ರಾ ಪ್ರತಿಮೆಯ ಜೊತೆ ಫೋಟೋ ಪುಕ್ಕಟೆ.

ಯುಂಗ್‌ಫ್ರೌಯೋಕ್ ರೈಲಿನ ಇತಿಹಾಸ ಬರೆದ ಫಲಕದ ಮುಂದೆ ಜಮಖಂಡಿ, ಮುಧೋಳದವರು ಹೆಚ್ಚು ಹೊತ್ತು ನಿಲ್ಲಬಾರದು, ರಕ್ತದೊತ್ತಡ ಏರುತ್ತದೆ. 1896ರಲ್ಲಿ ಕೆಲಸ ಶುರು, 1912ರಲ್ಲಿ ಮುಕ್ತಾಯ. ಒಂಬತ್ತು ಕಿಲೋಮೀಟರ್ ಚಿಲ್ಲರೆ ದಾರಿ, ಅದರಲ್ಲಿ ಏಳು ಕಿಲೋಮೀಟರ್ ಬಂಡೆ ಕೊರೆದ ಸುರಂಗ. ಹದಿನಾರು ವರ್ಷಗಳಲ್ಲಿ ಹಿಮದ ನೆತ್ತಿಗೆ ರೈಲು ಹೋಯಿತು. ನಮ್ಮ ಬಾಗಲಕೋಟೆ-ಕುಡಚಿ ಮಾರ್ಗ ಮಂಜೂರಾಗಿದ್ದು 2010-11ರಲ್ಲಿ, ದಾರಿಯುದ್ದಕ್ಕೂ ಕಬ್ಬು ಮತ್ತು ಜೋಳದ ಹೊಲ. ಜಮಖಂಡಿಗೆ ರೈಲು ಇನ್ನೂ ಬಂದಿಲ್ಲ.

7. ದೋಷ ಮತ್ತು ಪರಿಹಾರ

ದೋಷ: ಯಜಮಾನರು ಊಟದ ಪಟ್ಟಿಯನ್ನು ಬಲಗಡೆಯಿಂದ ಓದುತ್ತಿದ್ದಾರೆ. ಪರಿಹಾರ: ಪಟ್ಟಿ ಕಸಿದು ಯಜಮಾನತಿಗೆ ಕೊಡಿ.

ದೋಷ: ಮಕ್ಕಳು ಎರಡನೆಯ ಐಸ್‌ಕ್ರೀಮ್ ಕೇಳುತ್ತಿದ್ದಾರೆ. ಪರಿಹಾರ: ಮೊದಲನೆಯದರ ಬೆಲೆಯನ್ನು ಕಬ್ಬಿನಲ್ಲಿ ಹೇಳಿ. ಮಕ್ಕಳು ಬೆಂಗಳೂರಿನಲ್ಲಿ ಓದುತ್ತಿದ್ದರೆ ಈ ಉಪಾಯ ಕೆಲಸ ಮಾಡುವುದಿಲ್ಲ.

ದೋಷ: ಆಯಿ ಮಾತು ನಿಲ್ಲಿಸಿದ್ದಾರೆ. ಪರಿಹಾರ: ರೊಟ್ಟಿ ಡಬ್ಬಿ ತೆರೆಯಿರಿ.

ದೋಷ: “ಈ ರೊಕ್ಕದಾಗ ಒಂದ್ ಬೋರ್ ಹೊಡಸಬಹುದಿತ್ತು.” ಪರಿಹಾರ: ಇಲ್ಲ. ಇದು ಯಂತ್ರದ ಸಹಜ ಸದ್ದು.

8. ಊರಿಗೆ ಮರಳಿದ ಮೇಲೆ

ಮಾತಿಗೊಮ್ಮೆ “ಸ್ವಿಟ್ಜರ್ಲೆಂಡ್‌ನ್ಯಾಗ…” ಎನ್ನುವುದನ್ನು ಒಂದು ವಾರದೊಳಗೆ ನಿಲ್ಲಿಸಿರಿ. ದೇಶ ತುಟ್ಟಿ ಎಂದು ದೂರುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಜಿನೀವಾ ಪ್ರಾಂತ್ಯದಲ್ಲಿ ಕಪ್-ಬಸಿ ತೊಳೆಯುವವರಿಗೂ ತಾಸಿಗೆ 24 ಫ್ರಾಂಕ್‌ಗೂ ಮೇಲೆ ಕನಿಷ್ಠ ಕೂಲಿ ಎಂದು ಕಾನೂನಿದೆ. ಅಂದರೆ ಒಂದು ತಾಸಿನ ದುಡಿಮೆಗೆ ನಾಲ್ಕೈದು ಕಾಫಿ. ನಮ್ಮಲ್ಲಿ ಒಂದು ಟನ್ ಕಬ್ಬು ಕಡಿದು, ಸವರಿ, ಸೂಡು ಕಟ್ಟಿದವರಿಗೆ ಸಿಗುವುದು ಕೆಲವು ನೂರು ರೂಪಾಯಿ. ಅದರಿಂದ ಅಲ್ಲಿ ಒಂದು ಕಾಫಿ ಬರುವುದೂ ಕಷ್ಟ. ಅಲ್ಲಿನ ಬಿಲ್ಲಿನಲ್ಲಿ ನೀವು ಕೊಟ್ಟ ದೊಡ್ಡದೊಂದು ಪಾಲು ಕಾಫಿಬೀಜದ ಬೆಲೆಯಲ್ಲ, ತಂದುಕೊಟ್ಟವರ ಕೂಲಿ. ಅದನ್ನು ತುಟಿ ಬಿಚ್ಚದೆ ಕೊಟ್ಟು ಬಂದಿದ್ದೀರಿ. ಹಂಗಾಮು ಶುರುವಾಗಿ ಕಬ್ಬು ಕಡಿಯುವ ಗ್ಯಾಂಗಿನವರು ನಿಮ್ಮ ಹೊಲಕ್ಕೆ ಬಂದಾಗ ಅವರ ದರಕ್ಕೂ ಚೌಕಾಸಿ ಮಾಡಬೇಡಿರಿ.