ರಾಯರ ರಿಮೋಟು, ಸರ್ವರಿನ ಟಿಕ್ಕು

ಸರ್ವರ್ ಬದಲಾಯಿಸಿದ ಮರುದಿನ ಯಾವ ಆಫೀಸಿಗೆ ಬೇಕಾದರೂ ಹೋಗಿ ನೋಡಿ, ಮೊದಲು ಬೈಸಿಕೊಳ್ಳುವುದು ನೆಟ್‌ವರ್ಕ್ ಕೇಬಲ್ಲು. ಆಮೇಲೆ ಕರೆಂಟು. ಆಮೇಲೆ ಇಂಟರ್‌ನೆಟ್ ಕೊಡುವವರು. ಇವರೆಲ್ಲರ ಪಾಳಿ ಮುಗಿದ ಮೇಲೆಯೇ ‘ಅಲ್ಲಾ, ನಿನ್ನೆ ಸರ್ವರ್ ಬದಲಾಯಿಸಿದ್ರಲ್ಲ’ ಅಂತ ಯಾರಿಗಾದರೂ ಹೊಳೆಯುವುದು. ನಮ್ಮ ಆಚೆಮನೆ ರಾಯರಿಗೆ ಅದು ಹೊಳೆದದ್ದು ಸಂಜೆ ದಾಸವಾಳದ ಬೇಲಿ ಹತ್ತಿರ ನಿಂತು ನನಗೆ ಕಥೆ ಹೇಳುತ್ತಿದ್ದಾಗ.

ರಾಯರು ಬ್ಯಾಂಕಿನಿಂದ ನಿವೃತ್ತರು. ಸುಮ್ಮನೆ ಕೂರುವ ಜಾಯಮಾನ ಅಲ್ಲ, ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ನೋಡುತ್ತಾರೆ. ನಾನು ಸರ್ವರ್, ನೆಟ್‌ವರ್ಕ್ ಅಂತ ಊರೂರು ತಿರುಗಿ ಹೊಟ್ಟೆ ಹೊರೆಯುವವನು. ಹೀಗಾಗಿ ಅವರಿಗೆ ನಾನು ಫೀಸಿಲ್ಲದೆ ಸಿಗುವ ಡಾಕ್ಟರು.

“ಎಂತ ಮಾರಾಯ, ಮಂಡೀಲಿ ರಿಮೋಟೇ ಹೋಗ್ತಿಲ್ಲ. ಹೊಸ ಸಿಸ್ಟಮ್‌ಗಳು ಸಲೀಸಾಗಿ ಹೋಗ್ತವೆ. ಹಳೇವು ಮಾತ್ರ ಮೊಂಡು ಹಿಡಿದು ಕೂತಿವೆ.”

“ಹಳೇವು ಅಂದ್ರೆ ಎಷ್ಟು ಹಳೇವು ರಾಯರೇ?”

ರಾಯರು ಆಚೆ ಈಚೆ ನೋಡಿದರು. “ಎಕ್ಸ್‌ಪಿ.”

ನಾಚಿಕೊಳ್ಳುವಂಥದ್ದೇನಿಲ್ಲ. ವಿಂಡೋಸ್ ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರಿನಲ್ಲಿ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಅದರ ಕೈ ಬಿಟ್ಟಿತು. ಆದರೆ ಕೈ ಬಿಟ್ಟದ್ದು ಮೈಕ್ರೋಸಾಫ್ಟು, ನಮ್ಮ ಮಂಡಿ, ಮಿಲ್ಲು, ಪ್ರಿಂಟಿಂಗ್ ಪ್ರೆಸ್ಸುಗಳಲ್ಲ. ರಾಯರ ಮಂಡಿಯ ತೂಕದ ಯಂತ್ರ ಒಂಬತ್ತು ಪಿನ್ನಿನ ಹಳೇ ಸೀರಿಯಲ್ ಪೋರ್ಟಿಗೆ ಸಿಕ್ಕಿಸಿದ್ದು. ಅದರ ಸಾಫ್ಟ್‌ವೇರ್ ಬರೆದುಕೊಟ್ಟವನು ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಅದು ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಬಾಯಿ ಬಿಡುವುದಿಲ್ಲ. ಪಕ್ಕದಲ್ಲೇ ಕರಕರ ಅನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ‘ಹಳೇದೆಲ್ಲ ಎಸೆದು ಹೊಸದು ತಗೊಳ್ಳಿ’ ಅನ್ನುವವರು ಒಂದು ಸಲ ಅಡಿಕೆ ಸುಗ್ಗಿಯಲ್ಲಿ ಆ ಯಂತ್ರದ ಮುಂದೆ ನಿಂತ ರೈತರ ಸಾಲು ನೋಡಿ ಆಮೇಲೆ ಮಾತಾಡಲಿ.

ಲೆಕ್ಕವೆಲ್ಲ ಇರುವುದು ಸರ್ವರಿನಲ್ಲಿ. ಹುಡುಗರು ತಮ್ಮ ತಮ್ಮ ಸಿಸ್ಟಮ್ಮಿನಿಂದ ರಿಮೋಟ್ ಡೆಸ್ಕ್‌ಟಾಪ್ ತೆರೆದು ಅಲ್ಲಿಗೆ ಹೋಗಿ ಬಿಲ್ ಹಾಕುತ್ತಾರೆ. ಇದ್ದದ್ದು ವಿಂಡೋಸ್ ಸರ್ವರ್ 2008 ಆರ್2. ಅದರ ಆಯಸ್ಸು 2020ರ ಜನವರಿ 14ಕ್ಕೇ ಮುಗಿದಿತ್ತು. ಧಣಿಗಳು ತಡವಾಗಿ ಎದ್ದು 2016 ಹಾಕಿಸಿದರು. ಅಷ್ಟಕ್ಕೇ ಈ ರಾಮಾಯಣ.

“ಪರದೆ ಮೇಲೆ ಏನು ಬರ್ತದೆ ರಾಯರೇ?”

ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು, ಬ್ಯಾಂಕಿನ ಶಿಸ್ತು. ದೂರದ ಕಂಪ್ಯೂಟರು ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಕೇಳುತ್ತದೆ, ನಿಮ್ಮ ಕಂಪ್ಯೂಟರಿಗೆ ಅದು ಬರುವುದಿಲ್ಲ, ಸಹಾಯಕ್ಕೆ ನಿಮ್ಮ ಸಿಸ್ಟಮ್ ಅಡ್ಮಿನಿಸ್ಟ್ರೇಟರನ್ನು ಕಾಣಿ — ಇದಿಷ್ಟು ಅದರ ಸಾರ.

“ಅದಕ್ಕೇ ನಿನ್ನ ಕಾಣ್ತಾ ಇದೀನಿ” ಅಂದರು.

ಈ ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್, ಚಿಕ್ಕದಾಗಿ ಎನ್‌ಎಲ್‌ಎ, ಹುಟ್ಟಿದ್ದು ವಿಂಡೋಸ್ ವಿಸ್ಟಾ ಕಾಲಕ್ಕೆ. ಅದಕ್ಕೂ ಮೊದಲಿನ ರಿಮೋಟ್ ಡೆಸ್ಕ್‌ಟಾಪ್ ಮಲೆನಾಡಿನ ಹಳೇ ಮನೆಯಂತೆ. ಯಾರೇ ಬರಲಿ, ಮೊದಲು ಜಗಲಿ ಹತ್ತಿಸಿ ಬೆಲ್ಲ ನೀರು ಕೊಟ್ಟು, ಆಮೇಲೆ ‘ಯಾವೂರಾಯ್ತು?’ ಅಂತ ಕೇಳುವುದು. ಅಂದರೆ ಸರ್ವರು ಲಾಗಿನ್ ಪರದೆ ತಯಾರು ಮಾಡಿ ತೋರಿಸಿ, ಆಮೇಲಷ್ಟೇ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಎನ್‌ಎಲ್‌ಎ ಬಂದ ಮೇಲೆ ವಿಚಾರಣೆಯೆಲ್ಲ ಗೇಟಿನಲ್ಲೇ. ಗುರುತು ಹೇಳಿದ ಮೇಲೆ ಒಳಗೆ. ಸರ್ವರ್ 2012ರಿಂದ ಈಚೆಗೆ ರಿಮೋಟ್ ಆನ್ ಮಾಡಿದರೆ ಎನ್‌ಎಲ್‌ಎ ಬೇಕು ಅನ್ನುವ ಚೌಕಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ರಾಯರ ಹಳೇ ಸರ್ವರಿನಲ್ಲಿ ಆ ಟಿಕ್ ಇರಲಿಲ್ಲ. ಹೊಸದರಲ್ಲಿ ಇತ್ತು.

“ಎಎಂಸಿ ಹುಡುಗನೂ ಅದೇ ಹೇಳ್ದ. ಒಂದು ಟಿಕ್ ತೆಗೆದ್ರೆ ಎಲ್ಲಾ ಸರಿ ಹೋಗ್ತದಂತೆ. ಎರಡು ನಿಮಿಷದ ಕೆಲ್ಸ ಅಂತೆ.”

“ತೆಗೆದ್ನಾ?”

“ಇಲ್ಲ, ನಾಳೆ ಬರ್ತಾನೆ.”

ಸದ್ಯ! ಎಎಂಸಿ ಹುಡುಗರನ್ನು, ಅಂದರೆ ವಾರ್ಷಿಕ ನಿರ್ವಹಣೆಯ ಗುತ್ತಿಗೆಯವರನ್ನು, ನಾನು ಹಳಿಯುವುದಿಲ್ಲ. ಪಾಪ, ಒಂದೇ ಮಧ್ಯಾಹ್ನ ಹತ್ತು ಕಡೆ ಓಡಬೇಕು. ಎಲ್ಲಿ ಬೇಗ ಮುಗಿಯುತ್ತದೋ ಅಲ್ಲಿ ಕೈ ಹಾಕುತ್ತಾರೆ. ಟಿಕ್ ತೆಗೆದರೆ ಹಳೇ ಸಿಸ್ಟಮ್ಮು ಓಡುವುದೂ ನಿಜ. ಆದರೆ ಮೂಲೆಯಲ್ಲಿರುವ ಎರಡು ಹಳೇ ಡಬ್ಬಕ್ಕೋಸ್ಕರ, ದುಡ್ಡು ಸುರಿದು ತಂದ ಸರ್ವರಿನ ಬೀಗ ಸಡಿಲಿಸುವುದು ಯಾವ ಜಾಣತನ?

2019ರಲ್ಲಿ ಏನಾಯಿತು ಅಂತ ರಾಯರಿಗೆ ಹೇಳಿದೆ. ಆ ಮೇ ತಿಂಗಳಲ್ಲಿ ಬ್ಲೂಕೀಪ್ ಅನ್ನುವ ದೋಷ ಹೊರಬಿತ್ತು. ಪಾಸ್‌ವರ್ಡ್ ಗೊತ್ತಿಲ್ಲದವನೂ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲಲ್ಲೇ ಒಳನುಗ್ಗಬಹುದಾದಂಥ ದೋಷ ಅದು. ಎಷ್ಟು ಗಾಬರಿಯಾಯಿತೆಂದರೆ, ಕೈ ಬಿಟ್ಟು ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಬಿಟ್ಟಿತು. ಬ್ಲೂಕೀಪ್ ಹೊಸ ವಿಂಡೋಸ್‌ಗಳಿಗೆ ತಾಗುತ್ತಿರಲಿಲ್ಲ, ಸರಿ. ಆದರೆ ಅದೇ ಆಗಸ್ಟಿನಲ್ಲಿ ಅದೇ ಜಾತಿಯ ಇನ್ನೂ ದೋಷಗಳು ಸಿಕ್ಕವು, ಅವು ಹೊಸವಕ್ಕೂ ತಾಗುವಂಥವು. ಎನ್‌ಎಲ್‌ಎ ಇದ್ದ ಕಡೆ ಕಳ್ಳನಿಗೆ ಮೊದಲು ಸರಿಯಾದ ಹೆಸರು, ಪಾಸ್‌ವರ್ಡ್ ಬೇಕಿತ್ತು. ಇಲ್ಲದ ಕಡೆ ಅದೂ ಬೇಕಿರಲಿಲ್ಲ.

“ಹಾಗಾದ್ರೆ ಎಂತ ಮಾಡೋದು?”

ಸರ್ವರ್ ಮುಟ್ಟದೆ ಹಳೇ ಸಿಸ್ಟಮ್ಮನ್ನೇ ತಿದ್ದೋದು. ಅದು ಎಕ್ಸ್‌ಪಿಗೂ ಸಾಧ್ಯ. ಸುಮಾರು ಜನಕ್ಕೆ ಗೊತ್ತಿಲ್ಲ, ಅಷ್ಟೆ.

ಮರುದಿನ ಭಾನುವಾರ. ರಾಯರ ಸ್ಕೂಟರಿನ ಹಿಂದೆ ಕೂತು ಮಂಡಿಗೆ ಹೋದೆ. ಅಡಿಕೆ ಧೂಳು ಕುಡಿದು ಕುಡಿದು ಸಿಪಿಯು ಒಳಗಿನ ಫ್ಯಾನು ಕಂದು ಬಣ್ಣಕ್ಕೆ ತಿರುಗಿತ್ತು. ರಿಮೋಟ್ ಡೆಸ್ಕ್‌ಟಾಪ್ ತೆರೆದು, ಕಿಟಕಿಯ ಎಡತುದಿಯ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿ ‘ಅಬೌಟ್’ ಒತ್ತಿದೆ. ಈ ಜಾಗ ಯಾರೂ ನೋಡುವುದಿಲ್ಲ, ಆದರೆ ಇಡೀ ಜಾತಕ ಇರುವುದು ಇಲ್ಲೇ. ರಿಮೋಟ್ ಡೆಸ್ಕ್‌ಟಾಪ್ ಪ್ರೋಟೊಕಾಲ್ 6.1 ಬರುತ್ತದೆ, ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಬರುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಎರಡು ಸಾಲು. 6.1 ಇದೆ ಅಂದರೆ ಅರ್ಧ ಗೆದ್ದ ಹಾಗೆ. ಬಹುತೇಕ ಸರ್ವಿಸ್ ಪ್ಯಾಕ್ 3 ಬಿದ್ದಿದೆ ಅಂತ ಅರ್ಥ.

2008ರಲ್ಲಿ ಬಂದ ಆ ಸರ್ವಿಸ್ ಪ್ಯಾಕ್ 3ರಲ್ಲಿ ಎನ್‌ಎಲ್‌ಎಗೆ ಬೇಕಾದ ಕ್ರೆಡ್‌ಎಸ್‌ಎಸ್‌ಪಿ ಅನ್ನುವ ಸಾಮಾನು ಇದೆ. ಮೈಕ್ರೋಸಾಫ್ಟಿನವರು ಕೊಟ್ಟರು, ಆದರೆ ಆನ್ ಮಾಡದೆ ಕೊಟ್ಟರು. ಎಬ್ಬಿಸಬೇಕಾದರೆ, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ರೆಜಿಸ್ಟ್ರಿಯಲ್ಲಿ ಎರಡು ಕಡೆ ಕೈ ಹಾಕಬೇಕು. ಎಲ್‌ಎಸ್‌ಎ ಅನ್ನುವ ಕಡೆ ‘ಸೆಕ್ಯುರಿಟಿ ಪ್ಯಾಕೇಜಸ್’ ಪಟ್ಟಿಯ ಕೊನೆಗೆ ಟಿಎಸ್‌ಪಿಕೆಜಿ ಅಂತ ಒಂದು ಸಾಲು. ‘ಸೆಕ್ಯುರಿಟಿ ಪ್ರೊವೈಡರ್ಸ್’ ಅನ್ನುವ ಕಡೆ ಇರುವ ಸಾಲಿನ ತುದಿಗೆ ಒಂದು ಅಲ್ಪವಿರಾಮ ಹಾಕಿ ಕ್ರೆಡ್‌ಎಸ್‌ಎಸ್‌ಪಿ ಡಾಟ್ ಡಿಎಲ್‌ಎಲ್. ಇರುವುದನ್ನು ಅಳಿಸಬಾರದು, ಕೊನೆಗೆ ಸೇರಿಸಬೇಕು. ಅಳಿಸಿದರೆ ಸಿಸ್ಟಮ್ಮಿಗೆ ಲಾಗಿನ್ ಆಗುವುದೇ ಕಷ್ಟವಾದೀತು. ಹಾಗಾಗಿ ಮೊದಲು ರೆಜಿಸ್ಟ್ರಿಯ ನಕಲು ತೆಗೆದಿಟ್ಟುಕೊಳ್ಳುವುದು ವಾಸಿ.

ರೀಸ್ಟಾರ್ಟ್ ಆಯಿತು. ಮತ್ತೆ ‘ಅಬೌಟ್’. ಈ ಸಲ ‘ಬರುವುದಿಲ್ಲ’ ಇದ್ದ ಕಡೆ ‘ಬರುತ್ತದೆ’. ಸರ್ವರಿನ ಹೆಸರು ಹೊಡೆದು ಕನೆಕ್ಟ್ ಒತ್ತಿದರೆ ನೇರ ಟ್ಯಾಲಿ ಪರದೆ. ರಾಯರು ಕನ್ನಡಕ ಏರಿಸಿ, “ಅಯ್ಯೋ ಇಷ್ಟೇನಾ?” ಅಂದರು. ಇಷ್ಟೇ. ಆದರೆ ಹುಡುಕುವವನಿಗೆ ಇಷ್ಟೇ ಅಲ್ಲ.

ಎರಡನೇ ಸಿಸ್ಟಮ್ಮಿನಲ್ಲಿ ಎಲ್ಲವನ್ನೂ ಹಾಗೇ ಮಾಡಿದರೂ ಹೋಗಲೊಲ್ಲದು. ಎರರ್ ಬೇರೆ. ನಿಮ್ಮ ಕಂಪ್ಯೂಟರಿಗೂ ದೂರದ ಕಂಪ್ಯೂಟರಿಗೂ ದಿನಾಂಕದಲ್ಲೋ ಸಮಯದಲ್ಲೋ ವ್ಯತ್ಯಾಸ ಇದೆ ಅನ್ನುತ್ತದೆ. ಮೂಲೆಯ ಗಡಿಯಾರ ನೋಡಿದರೆ 2002ರ ಜನವರಿ 1! ಮದರ್‌ಬೋರ್ಡಿನ ನಾಣ್ಯದಂಥ ಸೆಲ್ಲು, ಸಿಆರ್2032, ಸತ್ತು ಎಷ್ಟು ಕಾಲವಾಗಿತ್ತೋ. ಕರೆಂಟ್ ಹೋಗಿ ಬಂದಾಗಲೆಲ್ಲ ಸಿಸ್ಟಮ್ಮು ಹುಟ್ಟಿದ ವರ್ಷಕ್ಕೆ ವಾಪಸ್ಸು. ಹಳೇ ಸರ್ವರು ಸರ್ಟಿಫಿಕೇಟಿನ ಗೋಜಿಗೆ ಹೋಗುತ್ತಿರಲಿಲ್ಲ. ಹೊಸದು ತೋರಿಸುತ್ತದೆ, ಸಿಸ್ಟಮ್ಮು ತಾರೀಕು ನೋಡಿ ‘ಈ ಸರ್ಟಿಫಿಕೇಟು ಇನ್ನೂ ಹುಟ್ಟೇ ಇಲ್ಲವಲ್ಲ’ ಅನ್ನುತ್ತದೆ. ವಾಚ್ ರಿಪೇರಿ ಅಂಗಡಿಯಿಂದ ಒಂದು ಸೆಲ್ಲು ತರಿಸಿ ಹಾಕಿ, ತಾರೀಕು ಸರಿ ಮಾಡಿದ್ದಾಯಿತು.

ಮೂರನೆಯದು ವಿಂಡೋಸ್ 7. ಎನ್‌ಎಲ್‌ಎ ಅದಕ್ಕೆ ಹುಟ್ಟಿನಿಂದಲೇ ಬರುತ್ತದೆ. ಅದು ಕೊಟ್ಟದ್ದು ಲೈಸೆನ್ಸಿನ ತಕರಾರು. ಹಳೇ ಸರ್ವರು ಯಾವ ಕಾಲದಲ್ಲೋ ಕೊಟ್ಟ ಲೈಸೆನ್ಸಿನ ಚೀಟಿ ಸಿಸ್ಟಮ್ಮಿನ ರೆಜಿಸ್ಟ್ರಿಯಲ್ಲಿ, ಎಂಎಸ್‌ಲೈಸೆನ್ಸಿಂಗ್ ಅನ್ನುವ ಕಡೆ ಕೂತಿರುತ್ತದೆ. ಅದರ ನಕಲು ಇಟ್ಟುಕೊಂಡು, ಅಳಿಸಿ, ರಿಮೋಟ್ ಡೆಸ್ಕ್‌ಟಾಪನ್ನು ಒಂದು ಸಲ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಅಂತ ತೆರೆದರೆ ಹೊಸ ಚೀಟಿ ಬರೆದುಕೊಳ್ಳುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಬರೆಯಲು ಅನುಮತಿ ಇಲ್ಲದೆ ಮತ್ತೆ ಎರರ್. ಇಲ್ಲಿ ಎಡವುವವರೇ ಜಾಸ್ತಿ.

ಲೈಸೆನ್ಸಿನ ಮಾತು ಬಂದದ್ದು ಒಳ್ಳೆಯದೇ ಆಯಿತು. “ರಾಯರೇ, ಹೊಸ ಕ್ಯಾಲ್ ತಗೊಂಡಿದೀರಾ?” ಅಂದೆ. ರಾಯರು ಮಿಕಮಿಕ ನೋಡಿದರು. ಸರ್ವರ್ ಕೊಟ್ಟವರು ‘ಎಲ್ಲಾ ಸೇರಿದೆ’ ಅಂದಿದ್ದರಂತೆ. ಈ ‘ಎಲ್ಲಾ ಸೇರಿದೆ’ ಅನ್ನುವ ಮಾತಿಗೆ ನಾನು ಬೆಚ್ಚುತ್ತೇನೆ. 2008 ಆರ್2ಕ್ಕೆ ಕೊಂಡ ಕ್ಯಾಲ್, ಅಂದರೆ ರಿಮೋಟ್ ಲೈಸೆನ್ಸು, 2016ರ ಸರ್ವರಿಗೆ ನಡೆಯುವುದಿಲ್ಲ. ಆದರೂ ಮೊದಲ ದಿನ ಎಲ್ಲರೂ ಒಳಗೆ ಹೋಗುತ್ತಾರೆ, ಯಾಕೆಂದರೆ 120 ದಿನ ಸರ್ವರು ಕಣ್ಣು ಮುಚ್ಚಿಕೊಂಡಿರುತ್ತದೆ. ದಸರೆಗೆ ಹಾಕಿದ ಸರ್ವರು ಶಿವರಾತ್ರಿ ಹೊತ್ತಿಗೆ ಒಂದು ಬೆಳಿಗ್ಗೆ ಹೊಸದು ಹಳೇದು ಅನ್ನದೆ ಎಲ್ಲರಿಗೂ ಬಾಗಿಲು ಹಾಕುತ್ತದೆ. ಆಗ ಕೇಬಲ್ಲು ಮತ್ತೊಮ್ಮೆ ಬೈಸಿಕೊಳ್ಳುತ್ತದೆ. ರಾಯರು ಅಲ್ಲೇ ಧಣಿಗಳಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ವಾಪಸ್ ಬಂದ ಮೇಲೂ ಬೇಲಿ ಹತ್ತಿರ ಮಾತು ಮುಗಿಯಲಿಲ್ಲ. ರಾಯರ ಭಾವಮೈದುನನ ಆಫೀಸಿನಲ್ಲಿ 2018ರ ಮೇನಲ್ಲಿ ಇದರ ಉಲ್ಟಾ ಆಗಿತ್ತಂತೆ. ಹೊಸ ಸಿಸ್ಟಮ್ಮುಗಳೇ ಹಳೇ ಸರ್ವರಿಗೆ ಹೋಗದೆ ನಿಂತವಂತೆ. ನನಗೂ ಚೆನ್ನಾಗಿ ನೆನಪಿದೆ. ಕ್ರೆಡ್‌ಎಸ್‌ಎಸ್‌ಪಿಯಲ್ಲೇ ಒಂದು ತೂತು ಸಿಕ್ಕಿ, ಮಾರ್ಚಿನಲ್ಲಿ ತೇಪೆ ಬಂತು. ಮೇ 8ರ ಅಪ್‌ಡೇಟಿನಿಂದ, ತೇಪೆ ಹಾಕದ ಸರ್ವರಿನ ಜೊತೆ ಮಾತಾಡುವುದಿಲ್ಲ ಅಂತ ಸಿಸ್ಟಮ್ಮುಗಳು ಹಟ ಹಿಡಿದವು. ಸರ್ವರಿಗೆ ಅಪ್‌ಡೇಟ್ ಹಾಕಿದ್ದರೆ ಮುಗಿಯುತ್ತಿತ್ತು. ಊರಿಗೆ ಊರೇ ಮಾಡಿದ್ದು ಮಾತ್ರ, ಸಿಸ್ಟಮ್ಮಿನ ರೆಜಿಸ್ಟ್ರಿಯಲ್ಲಿ ಒಂದು ಅಂಕಿ ಬರೆದು ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದು. ಅವತ್ತಿಗೆ ಅಂತ ಬರೆದ ಆ ಅಂಕಿ ಎಷ್ಟು ಕಡೆ ಇವತ್ತಿಗೂ ಹಾಗೇ ಇದೆ! ತಾತ್ಕಾಲಿಕ ಅನ್ನುವುದಕ್ಕೆ ನಮ್ಮ ಆಫೀಸುಗಳಲ್ಲಿ ನಿವೃತ್ತಿ ವಯಸ್ಸೇ ಇಲ್ಲ.

“ಅಲ್ಲಾ, ಈ ಎಕ್ಸ್‌ಪಿ ಇನ್ನೆಷ್ಟು ದಿನ ಹೀಗೆ ಓಡ್ತದೆ?” ಅಂತ ರಾಯರ ಕೊನೆಯ ಪ್ರಶ್ನೆ.

ಜಾಸ್ತಿ ದಿನ ಇಲ್ಲ. ಸಂಪರ್ಕಕ್ಕೆ ಬೀಗ ಹಾಕುವ ಟಿಎಲ್‌ಎಸ್ ಪದ್ಧತಿಯಲ್ಲಿ ಎಕ್ಸ್‌ಪಿಗೆ ಬರುವುದು 1.0 ಮಾತ್ರ. 1999ರ ಆ ಪದ್ಧತಿಯನ್ನು 2021ರ ಮಾರ್ಚಿನಲ್ಲಿ ಅಧಿಕೃತವಾಗಿಯೇ ಬಳಕೆಯಿಂದ ತೆಗೆದಿದ್ದಾರೆ. ನಾಳೆ ಯಾರೋ ಆಡಿಟಿನವರು ಬಂದು ಸರ್ವರಿನಲ್ಲಿ ಅದನ್ನು ಆಫ್ ಮಾಡಿಸಿದರೆ, ನಾವು ಸೇರಿಸಿದ ಎರಡು ಸಾಲೂ ವ್ಯರ್ಥ. ಅದಕ್ಕೆ ರಾಯರಿಗೆ ಒಂದು ದಾರಿ ಹೇಳಿದೆ. ಬಿಲ್ಲಿಂಗಿನ ಎಕ್ಸ್‌ಪಿ ಪೆಟ್ಟಿಗೆಗೆ ಹಗುರದ ಲಿನಕ್ಸ್ ಹಾಕಿ, ರೆಮಿನಾ ಅನ್ನುವ ತಂತ್ರಾಂಶದಿಂದ ಸರ್ವರಿಗೆ ಹೋಗಿ. ಪೆಟ್ಟಿಗೆ ಅದೇ, ಎನ್‌ಎಲ್‌ಎ, ಹೊಸ ಟಿಎಲ್‌ಎಸ್ ಎರಡೂ ಬರುತ್ತವೆ, ಬಿಡಿಗಾಸು ಖರ್ಚಿಲ್ಲ. ತೂಕದ ಯಂತ್ರದ ಎಕ್ಸ್‌ಪಿಯನ್ನು ಹಾಗೆ ಮಾಡಲಾಗುವುದಿಲ್ಲ. ಅದರ ನೆಟ್‌ವರ್ಕ್ ಕೇಬಲ್ ಕಿತ್ತಿಡಿ, ಬರೇ ತೂಕ ಮಾಡಲಿ. ತೂಕದ ಚೀಟಿಯನ್ನು ಹುಡುಗ ಬಿಲ್ಲಿಂಗಿಗೆ ತಂದುಕೊಟ್ಟರಾಯಿತು, ಹತ್ತು ಹೆಜ್ಜೆ.

“ಮತ್ತೆ ಧಣಿಗಳ ಮಗ ಬೆಂಗ್ಳೂರಿಂದ ಮಂಡಿ ಲೆಕ್ಕ ನೋಡ್ಬೇಕು ಅಂತಾನಲ್ಲ, ಅದಕ್ಕೆ ಎಎಂಸಿ ಹುಡುಗ ರೌಟರಲ್ಲಿ ಏನೋ 3389 ತೆರೀತೀನಿ ಅಂದಿದ್ದ...”

“ರಾಯರೇ, ಅದೊಂದು ಬೇಡವೇ ಬೇಡ. ವಿಪಿಎನ್ ಹಾಕಿಸಿ.” ಎಕ್ಸ್‌ಪಿಗಿಂತ ಹೆಚ್ಚು ಹೆದರಿಸಿದ್ದು ನನಗೆ ಆ ಮಾತು. ಇಂಟರ್‌ನೆಟ್ಟಿಗೆ ತೆರೆದ 3389 ಪೋರ್ಟಿನಲ್ಲಿ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲೂ ರಾತ್ರಿ ಬಾಗಿಲು ತಟ್ಟುತ್ತಿರುತ್ತವೆ.

ನಿಮ್ಮ ಅಂಗಡಿಗೋ ಆಫೀಸಿಗೋ ಇತ್ತೀಚೆಗೆ ಹೊಸ ಸರ್ವರ್ ಬಂದಿದ್ದರೆ, ಮತ್ತು ‘ಒಂದು ಸಣ್ಣ ಸೆಟ್ಟಿಂಗ್ ಚೇಂಜ್ ಮಾಡಿದ್ವಿ, ಈಗ ಎಲ್ಲಾ ಸಿಸ್ಟಮ್ಮೂ ಹೋಗ್ತದೆ’ ಅಂತ ಯಾರಾದರೂ ಹೇಳಿ ಹೋಗಿದ್ದರೆ, ಸಿಸ್ಟಮ್ ಪ್ರಾಪರ್ಟೀಸಿನ ರಿಮೋಟ್ ಪುಟ ತೆರೆದು ಆ ಟಿಕ್ ಇದೆಯಾ ನೋಡಿ. ಇಲ್ಲದಿದ್ದರೆ ಹಳೇ ಸಿಸ್ಟಮ್ಮುಗಳನ್ನು ಮೊದಲು ಸರಿಪಡಿಸಿ, ಟಿಕ್ಕನ್ನು ವಾಪಸ್ ಹಾಕಿಸಿ. ಲೈಸೆನ್ಸಿನ ಬಿಲ್ಲನ್ನೂ ಒಮ್ಮೆ ಕೇಳಿ ಇಟ್ಟುಕೊಳ್ಳಿ, 120 ದಿನ ಬೇಗ ಕಳೆಯುತ್ತದೆ.