ಮುರಿದ ರೆಕ್ಕೆ ಮತ್ತೆ ಬರೋಲ್ಲ ಮಾರಾಯ್ತಿ

ಕಾಫಿ ಸೀಮೆಯಲ್ಲಿ ಇಬ್ಬರು ಬೇಲಿಯ ಆಚೀಚೆ ನಿಂತರೆ ಮಾತು ಮಳೆಯಿಂದ ಶುರುವಾಗಿ ರೇಟಿನಲ್ಲಿ ಮುಗಿಯುತ್ತದೆ. "ನಿಮ್ಮಲ್ಲಿ ಎಷ್ಟು ಸೆಂಟು ಬಂತು?" "ನಲವತ್ತು. ಬಾಳೂರು ಕಡೆ ಒಂದಿಂಚು ಹೊಡೆದಿದೆಯಂತೆ." ಅಲ್ಲಿಂದ ಮುಂದಕ್ಕೆ ಕೂಲಿ, ಕಾಡಾನೆ, ಕರೆಂಟು. ಮೊನ್ನೆ ಮಾತ್ರ ಮಾತು ಸಸ್ಯಶಾಸ್ತ್ರದ ಕಡೆ ತಿರುಗಿಬಿಟ್ಟಿತು. ಕಾರಣ ಪಕ್ಕದ ತೋಟದ ಗೌಡರ ಮಗಳು. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಮೊದಲ ವರ್ಷ. ರಜೆಗೆ ಬಂದವಳು ಬೇಲಿಯ ದಾಸವಾಳ ಕೀಳುತ್ತಿದ್ದಳು. ದೇವರಿಗಲ್ಲ, ರೆಕಾರ್ಡ್ ಬುಕ್ಕಿಗೆ. ಹೂವನ್ನು ಉದ್ದಕ್ಕೆ ಸೀಳಿ ಚಿತ್ರ ಬರೆದು ಭಾಗ ಗುರುತಿಸಬೇಕಂತೆ.

"ಹೆಸರುಗಳೇ ತಲೇಲಿ ನಿಲ್ಲಲ್ಲ ಮಾವ."

"ಹೆಸರು ಆಮೇಲೆ ನಿಲ್ಲಲಿ. ಬೆನ್ನ ಹಿಂದೆ ಅಷ್ಟು ಕಾಫಿ ಇಟ್ಕೊಂಡು ದಾಸವಾಳ ಯಾಕೆ ಸೀಳ್ತೀಯ ಮಾರಾಯ್ತಿ?"

ನನ್ನ ವಾದ ಇಷ್ಟೆ. ಮೊದಲ ವರ್ಷದ ಪುಸ್ತಕದ ಒಂದೊಂದು ಪಾಠವೂ ನಮ್ಮ ತೋಟದಲ್ಲಿ ಮೇಸ್ತ್ರಿಯ ಒಂದೊಂದು ಬೈಗುಳವಾಗಿ ಆಗಲೇ ಇದೆ. "ರೆಕ್ಕೆ ಮುರೀಬೇಡ್ರೋ", "ಎಲೆ ಅಡಿಗೆ ಹೊಡೀರೋ", "ಬೇರು ಮಡಚಬೇಡ್ರೋ". ಬೈಗುಳದ ಹಿಂದಿರುವ ಕಾರಣ ಕೆದಕುತ್ತಾ ಹೋದರೆ ಸಿಗುವುದೇ ಸಸ್ಯಶಾಸ್ತ್ರ.

ರೆಕ್ಕೆಯ ವಿಷಯವನ್ನೇ ತಗೊಳ್ಳಿ. ಕಾಫಿ ಗಿಡದ ಕಾಂಡದಲ್ಲಿ ಒಂದು ಗಂಟು ಹಿಡಿದು ನೋಡಿದರೆ ಎದುರುಬದುರು ಎರಡು ಎಲೆ. ಒಂದೊಂದು ಎಲೆಯ ಕಂಕುಳಲ್ಲೂ ಒಂದರ ಕೆಳಗೊಂದು ನಾಲ್ಕೈದು ಮೊಗ್ಗು ಸಾಲಾಗಿ ಕೂತಿರುತ್ತವೆ. ಎಲ್ಲಕ್ಕಿಂತ ಮೇಲಿನದು ಅಡ್ಡಕ್ಕೆ ಚಾಚಿ ರೆಕ್ಕೆಯಾಗುತ್ತದೆ. ಫಸಲೆಲ್ಲ ಅದರ ಮೇಲೆ. ಕೆಳಗಿನವು ಎದ್ದರೆ ನೆಟ್ಟಗೆ ಮೇಲಕ್ಕೇ ಹೋಗುತ್ತವೆ, ಅವು ಕಂಬಚಿಗುರು. ರೆಕ್ಕೆಯಾಗುವ ಮೊಗ್ಗು ಒಂದು ಕಂಕುಳಿಗೆ ಒಂದೇ. ಹಣ್ಣು ಕೊಯ್ಯುವ ಅವಸರದಲ್ಲಿ ಅದನ್ನು ಬುಡಸಮೇತ ಸೀಳಿದರೆ ಆ ಜಾಗದಲ್ಲಿ ಇನ್ನೊಂದು ರೆಕ್ಕೆ ಹುಟ್ಟುವುದಿಲ್ಲ. ಎಷ್ಟು ಗೊಬ್ಬರ ಸುರಿದರೂ ಬರುವುದು ಕಂಬಚಿಗುರೇ. ಆ ಗಿಡ ಅಷ್ಟು ಮಟ್ಟಿಗೆ ಬೋಳು.

ಇನ್ನೂ ಸೋಜಿಗದ್ದು ಒಂದಿದೆ. ಕಂಬಚಿಗುರಿನ ತುಂಡು ನೆಟ್ಟರೆ ನೆಟ್ಟಗೆ ಗಿಡವಾಗುತ್ತದೆ. ಅದೇ ಗಿಡದ ರೆಕ್ಕೆಯ ತುಂಡು ನೆಟ್ಟರೆ ಬೇರು ಬಿಟ್ಟೀತು, ಚಿಗುರೀತು, ಆದರೆ ಅಡ್ಡಡ್ಡ ನೆಲದ ಮೇಲೆ ಹರಡಿಕೊಳ್ಳುತ್ತದೆಯೇ ಹೊರತು ತಲೆ ಎತ್ತುವುದಿಲ್ಲ. ತಾನು ಯಾವ ಮೊಗ್ಗಿನಿಂದ ಬಂದೆ ಎನ್ನುವುದನ್ನು ತುಂಡು ಮರೆಯುವುದೇ ಇಲ್ಲ. ಅದಕ್ಕೇ ರೊಬಸ್ಟಾದ ಒಳ್ಳೆಯ ಗಿಡದಿಂದ ಸಸಿ ಮಾಡುವವರು ಕಂಬಚಿಗುರನ್ನೇ ಕತ್ತರಿಸುವುದು. ಕರಿಮೆಣಸಿನಲ್ಲೂ ಇದೇ ಕತೆ. ಮರ ಹತ್ತುವ ಬಳ್ಳಿಯ ತುಂಡು ಹತ್ತುತ್ತದೆ. ಫಸಲು ಬಿಡುವ ಅಡ್ಡಗೊಂಬೆಯ ತುಂಡನ್ನು ಕುಂಡದಲ್ಲಿಟ್ಟರೆ ಅದು ಎಂದೂ ಹತ್ತದೆ ಪೊದೆಯಾಗಿ ಉಳಿಯುತ್ತದೆ. ಪೇಟೆಯವರು ಬಾಲ್ಕನಿಯಲ್ಲಿ ಇಟ್ಟುಕೊಳ್ಳುವ ಬುಷ್ ಪೆಪ್ಪರ್ ಎಂದರೆ ಅದೇ, ಬೇರೆ ಜಾತಿಯಲ್ಲ.

"ಹಾಗಾದ್ರೆ ಟಾಪಿಂಗ್?" ಎಂದಳು. ಅದು ಸುಲಭ. ತುದಿಮೊಗ್ಗು ತಾನಿರುವವರೆಗೆ ಕೆಳಗಿನ ಮೊಗ್ಗುಗಳನ್ನು ಏಳಲು ಬಿಡುವುದಿಲ್ಲ. ತುದಿ ಚಿವುಟಿದರೆ ಕೆಳಗಿನ ರೆಕ್ಕೆಗಳು ದಪ್ಪವಾಗಿ ಕವಲೊಡೆಯುತ್ತವೆ, ಜೊತೆಗೆ ಕಂಬಚಿಗುರುಗಳೂ ನುಗ್ಗುತ್ತವೆ. ಹಾಗಾಗಿ ಟಾಪಿಂಗ್ ಮಾಡಿದವನು ಚಿಗುರು ತೆಗೆಯುವ ಆಳಿಗೂ ದುಡ್ಡು ಎತ್ತಿಟ್ಟಿರಬೇಕು.

ಎಲೆಗೆ ಬಂದೆವು. ಅರೇಬಿಕಾ ಎಲೆ ಮಗುಚಿದರೆ ನಡುನರದಿಂದ ಪಕ್ಕದ ನರ ಕವಲೊಡೆಯುವ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಕಾಣುತ್ತವೆ. ಹುಡುಗಿ ಅದನ್ನೇ ಪತ್ರರಂಧ್ರ ಅಂದುಕೊಂಡಳು. ಅಲ್ಲ, ಅವು ಕಣ್ಣಿಗೆ ಬೀಳದಷ್ಟು ಸಣ್ಣ ನುಸಿಗಳ ವಾಸದ ಜಾಗ. ಪತ್ರರಂಧ್ರ ನೋಡಲು ಸೂಕ್ಷ್ಮದರ್ಶಕವೇ ಬೇಕು. ಕಾಫಿಯಲ್ಲಿ ಅವೆಲ್ಲ ಇರುವುದು ಎಲೆಯ ಅಡಿಭಾಗದಲ್ಲಿ ಮಾತ್ರ. ಗಿಡ ಉಸಿರಾಡುವುದು, ನೀರು ಬಿಡುವುದು ಎಲ್ಲ ಆ ಕಡೆಯಿಂದಲೇ. ತುಕ್ಕು ರೋಗದ ಬೂಷ್ಟಿಗೂ ಅದೇ ಬಾಗಿಲು. ಎಲೆಯ ಅಡಿ ಒದ್ದೆಯಾಗಿದ್ದರೆ ಅದರ ಬೀಜಕಣ ಅಲ್ಲೇ ಮೊಳೆತು ಪತ್ರರಂಧ್ರದಲ್ಲಿ ಒಳನುಗ್ಗುತ್ತದೆ. ಕೆಲವು ವಾರದಲ್ಲಿ ಕಿತ್ತಳೆ ಹುಡಿ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿಯ ಕಾಫಿಯನ್ನೇ ಮುಗಿಸಿ, ಜನರನ್ನು ಟೀಗೆ ತಿರುಗಿಸಿದ್ದು ಇದೇ ರೋಗ. ಮುಂಗಾರಿಗೆ ಮೊದಲು ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 200 ಲೀಟರ್ ಲೆಕ್ಕದಲ್ಲಿ ಬೋರ್ಡೋ ಹೊಡೆಯುತ್ತೇವಲ್ಲ, ಅದನ್ನು ಎಲೆಯ ನೆತ್ತಿಗೆ ಹೊಡೆದರೆ ತೋಟ ನೀಲಿಯಾಗಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಗನ್ನಿನ ಮೂತಿ ಕೆಳಗಿನಿಂದ ಮೇಲಕ್ಕೆ ತಿರುಗಿರಬೇಕು. ತೋಟದಲ್ಲಿ ಯಾರು ಹೇಗೆ ಹೊಡೆದಿದ್ದಾರೆ ಎಂದು ತಿಳಿಯಬೇಕಾದರೆ ಎಲೆ ಮಗುಚಿ ನೋಡಿದರೆ ಸಾಕು.

ಕಾಂಡದ ಪಾಠ ಕಲಿಸಲು ಬೋರರಿಗಿಂತ ದೊಡ್ಡ ಮೇಷ್ಟ್ರಿಲ್ಲ. ಅರೇಬಿಕಾ ಬೆಳೆಗಾರರ ಅರ್ಧ ನಿದ್ದೆ ತಿನ್ನುವ ಈ ಹುಳ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಮೊದಲು ತೊಗಟೆಯ ಅಡಿಯ ಮೆತ್ತನೆ ಭಾಗ ತಿಂದು, ಬಲಿತ ಮೇಲೆ ಮರದೊಳಕ್ಕೆ ಸುರಂಗ ಕೊರೆಯುತ್ತದೆ. ಕಾಂಡದ ಮೇಲೆ ಉಬ್ಬಿದ ಏಣು ಕಂಡರೆ ಒಳಗೆ ಅದಿದೆ ಅಂತಲೇ ಲೆಕ್ಕ. ಎಲೆ ಹಳದಿಯಾಗಿ ಬಾಡುವುದು ಯಾಕೆ? ನೀರು ಮೇಲಕ್ಕೆ ಹೋಗುವ ಕೊಳವೆ ಮರದ ಭಾಗದಲ್ಲಿ, ಎಲೆಯ ಅಡುಗೆ ಕೆಳಗಿಳಿಯುವ ಕೊಳವೆ ತೊಗಟೆಯಲ್ಲಿ. ನಡುವೆ ಎರಡನ್ನೂ ಹುಟ್ಟಿಸುವ ತೆಳು ಪದರ, ಕ್ಯಾಂಬಿಯಂ. ಹುಳ ಮೂರನ್ನೂ ಕೆಡಿಸುತ್ತದೆ. ಕಸಿ ಕಟ್ಟುವಾಗಲೂ ಕ್ಯಾಂಬಿಯಂಗೆ ಕ್ಯಾಂಬಿಯಂ ಕೂತರೇ ಕಸಿ ಹತ್ತುವುದು. ಕಳಸದ ಕಡೆಯ ಅಡಿಕೆ ಮರದಲ್ಲಿ ಆ ಪದರವೇ ಇಲ್ಲ. ಅದಕ್ಕೇ ಅಡಿಕೆಗೆ ಕಸಿ ಇಲ್ಲ, ಬಿದ್ದ ಗಾಯ ಮುಚ್ಚುವುದಿಲ್ಲ, ಇರುವ ಒಂದು ಸುಳಿ ಕೊಳೆತರೆ ಮರವೇ ಹೋಯಿತು. ಏಲಕ್ಕಿಯದು ಇನ್ನೂ ತಮಾಷೆ: ಆಳೆತ್ತರ ಕಾಣುವುದು ಬರೀ ಎಲೆಯ ಬುಡಗಳ ಸುರುಳಿ, ನಿಜವಾದ ಕಾಂಡ ಮಣ್ಣೊಳಗೆ ಗೆಡ್ಡೆಯಾಗಿ ಮಲಗಿದೆ.

ಇನ್ನು ಹೂವು. ಇಲ್ಲಿ ಮಾತ್ರ ಗೌಡರೂ ಕತ್ತಿ ಕೆಳಗಿಟ್ಟು ಬೇಲಿಗೆ ಒರಗಿದರು, ಯಾಕೆಂದರೆ ಹೂವೆಂದರೆ ದುಡ್ಡು.

ಕಾಫಿಯ ಹೂಮೊಗ್ಗು ಮಳೆಗಾಲದ ಕೊನೆಗೇ ಗಂಟುಗಳಲ್ಲಿ ಕೂತಿರುತ್ತದೆ. ಒಂದು ಹಂತಕ್ಕೆ ಬೆಳೆದು ಮಲಗಿಬಿಡುತ್ತದೆ. ಚಳಿಗಾಲದ ಒಣಹವೆ ಅದಕ್ಕೆ ಬೇಕೇ ಬೇಕು. ಬಾಯಾರಿದ ಮೊಗ್ಗೇ ಏಳುವುದು. ಫೆಬ್ರವರಿ, ಮಾರ್ಚಿನಲ್ಲಿ ಇಂಚು, ಒಂದೂವರೆ ಇಂಚು ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಬೆಟ್ಟಕ್ಕೆ ಬೆಟ್ಟವೇ ಬೆಳ್ಳಗೆ. ಮಳೆ ಅರೆಬರೆಯಾದರೆ ಮೊಗ್ಗು ಎಚ್ಚರವಾಗುತ್ತದೆ, ಆದರೆ ಪೂರ್ತಿ ಬೆಳೆಯದೆ ಹಸಿರು ಎಸಳಿನ ನಕ್ಷತ್ರವಾಗಿ ಅರಳಿ ಕಾಯಿ ಕಚ್ಚದೆ ಹೋಗುತ್ತದೆ. ಮಳೆಯೇ ಬಾರದಿರುವುದಕ್ಕಿಂತ ಮೂವತ್ತು ಸೆಂಟು ಬಂದು ನಿಲ್ಲುವುದು ಕೆಟ್ಟದ್ದು. ನಮ್ಮವರು ಸೆಂಟಿನ ಲೆಕ್ಕ ಕೇಳುವುದು ಸುಮ್ಮನೆ ಅಲ್ಲ. ರೊಬಸ್ಟಾದವರು ಹಳ್ಳಕ್ಕೆ ಮೋಟರ್ ಇಟ್ಟು ಸ್ಪ್ರಿಂಕ್ಲರ್ ಹೊಡೆದು ಆ ಮಳೆಯನ್ನು ತಾವೇ ತರಿಸುತ್ತಾರೆ.

ಅರಳಿದ ಮೇಲೆ ಅರೇಬಿಕಾ, ರೊಬಸ್ಟಾ ದಾರಿ ಬೇರೆಬೇರೆ. ಅರೇಬಿಕಾ ತನ್ನ ಪರಾಗ ತಾನೇ ಹಾಕಿಕೊಂಡು ಕಾಯಿ ಕಟ್ಟುತ್ತದೆ. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದರು ಎನ್ನುವ ಪ್ರತೀತಿಯನ್ನು ನಂಬುವುದಾದರೆ, ಅವುಗಳಲ್ಲಿ ಒಂದೇ ಮೊಳೆತಿದ್ದರೂ ವಂಶ ನಡೆಯುತ್ತಿತ್ತು. ರೊಬಸ್ಟಾಕ್ಕೆ ಅದು ಆಗದು. ತನ್ನ ಪರಾಗ ತನ್ನ ಶಲಾಕಾಗ್ರದ ಮೇಲೆ ಬಿದ್ದರೂ ಒಳಗಿಳಿಯಲು ಬಿಡುವುದಿಲ್ಲ. ಬೇರೆ ಗಿಡದ್ದೇ ಬೇಕು. ಆ ಪರಾಗ ಗಾಳಿಯಲ್ಲಿ ಬರಬೇಕು, ಇಲ್ಲ ತುಡುವೆ, ಹೆಜ್ಜೇನು ತರಬೇಕು. ಒಂದೇ ಗಿಡದ ತುಂಡುಗಳಿಂದ ಇಡೀ ಪಟ್ಟೆ ನೆಟ್ಟರೆ ಅಷ್ಟೂ ಗಿಡ ಒಂದೇ ಗಿಡದ ಲೆಕ್ಕ. ಹೂವೇನೋ ಸೊಗಸಾಗಿ ಬರುತ್ತದೆ, ಕಾಯಿ ಅಷ್ಟಕ್ಕಷ್ಟೇ. ಹೂ ಅರಳಿದ ದಿನವೇ ಮಳೆ ಹೊಡೆದರೂ ಪರಾಗ ತೊಯ್ದು ನಷ್ಟ. ಹೆಜ್ಜೇನಿಗೆ ಬೆಂಕಿ ಹಾಕುವವರನ್ನು ಕಂಡರೆ ರೊಬಸ್ಟಾ ಬೆಳೆಗಾರನಿಗೆ ಮೈ ಉರಿಯಬೇಕು. ನಮ್ಮಲ್ಲಿ ಉರಿಯುವುದು ಕಡಿಮೆ, ಏನು ಮಾಡುವುದು.

ಈಗ ದಾಸವಾಳಕ್ಕೂ ಕಾಫಿಗೂ ಇರುವ ವ್ಯತ್ಯಾಸ ನೋಡಲು ಹೇಳಿದೆ. ದಾಸವಾಳದಲ್ಲಿ ಅಂಡಾಶಯ ಎಸಳುಗಳ ಒಳಗಡೆ, ಮೇಲೆ ಕೂತಿದೆ. ಕಾಫಿಯಲ್ಲಿ ಎಸಳಿನ ಕೆಳಗೆ. ಹಾಗಾಗಿ ಹೂ ಉದುರಿದ ಗುರುತು ಹಣ್ಣಿನ ನೆತ್ತಿಯಲ್ಲಿ ಸಣ್ಣ ಹೊಕ್ಕುಳಾಗಿ ಉಳಿಯುತ್ತದೆ. ಕಾಯಿಕೊರಕ ತೂತು ಹಾಕುವುದು ಹೆಚ್ಚಾಗಿ ಅಲ್ಲೇ. ಅಂಡಾಶಯದಲ್ಲಿ ಎರಡು ಕೋಣೆ, ಕೋಣೆಗೊಂದು ಅಂಡಕ. ಎರಡೂ ಬೆಳೆದರೆ ಒಂದಕ್ಕೊಂದು ಒತ್ತಿ ಎರಡು ಚಪ್ಪಟೆ ಬೀಜ. ಒಂದು ಸತ್ತರೆ ಉಳಿದದ್ದು ಜಾಗ ತುಂಬಿಕೊಂಡು ಗುಂಡಾಗುತ್ತದೆ. ಪೀಬೆರ್ರಿ ಎಂದು ಬೇರೆ ಗ್ರೇಡ್ ಮಾಡಿ ಮಾರುವುದು ಅದನ್ನೇ.

ಪರಾಗದ ನಳಿಕೆಯಲ್ಲಿ ಇಳಿಯುವ ಗಂಡುಕಣ ಎರಡು. ಒಂದು ಸೇರಿ ಭ್ರೂಣ, ಇನ್ನೊಂದು ಸೇರಿ ಭ್ರೂಣಾಹಾರ. ಹಸಿ ಬೀಜ ಸೀಳಿದರೆ ತುದಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಉದ್ದದ ಬೆಳ್ಳನೆ ಭ್ರೂಣ ಕಾಣುತ್ತದೆ. ಮಿಕ್ಕದ್ದೆಲ್ಲ ಆಹಾರ. ಎಳೆಗಿಡಕ್ಕೆಂದು ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ನಾವು ಹುರಿದು, ಪುಡಿ ಮಾಡಿ, ಬೆಲ್ಲ ಹಾಕಿ ಕುಡಿಯುತ್ತಿದ್ದೇವೆ.

"ಕೇಳಿದ್ರೆ ಪಾಪ ಅನ್ಸುತ್ತೆ" ಎಂದಳು. ಗೌಡರಿಗೆ ಅನ್ನಿಸಲಿಲ್ಲ.

ಬುತ್ತಿ ತುಂಬುವುದಕ್ಕೂ ಕಾಲವಿದೆ. ಹೂ ಉದುರಿದ ಮೇಲೆ ಕಾಯಿ ಗುಂಡುಸೂಜಿ ತಲೆಯಷ್ಟೇ ಆಗಿ ವಾರಗಟ್ಟಲೆ ಸುಮ್ಮನಿರುತ್ತದೆ. ಹೂಮಳೆಯ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟರೆ ಈ ಹಂತದಲ್ಲೇ ಉದುರುತ್ತದೆ. ಮುಂಗಾರಿನಲ್ಲಿ ಕಾಯಿ ಉಬ್ಬುತ್ತದೆ. ಬೀಜದ ಗಾತ್ರ ನಿಗದಿಯಾಗುವುದು ಆಗ. ಆಮೇಲೆ ಒಳಗೆ ತುಂಬುತ್ತದೆ. ತುಂಬುವಾಗ ಗಿಡದಲ್ಲಿ ಎಲೆ ಇಲ್ಲದಿದ್ದರೆ ಜೊಳ್ಳು. ಅರೇಬಿಕಾಕ್ಕೆ ಎಂಟೊಂಬತ್ತು ತಿಂಗಳು, ರೊಬಸ್ಟಾಕ್ಕೆ ಹತ್ತು ಹನ್ನೊಂದು. ರೊಬಸ್ಟಾದಲ್ಲಿ ಒಮ್ಮೆ ಹಣ್ಣು ಬಿಟ್ಟ ಗಂಟು ಮತ್ತೆ ಹೂ ಬಿಡುವುದಿಲ್ಲ. ಮುಂದಿನ ವರ್ಷದ ಫಸಲು ಈ ವರ್ಷ ಬೆಳೆಯುವ ಹೊಸ ತುದಿಯ ಮೇಲೆ. ಗಿಡಕಸಿಯಲ್ಲಿ, ಅಂದರೆ ಗಿಡ ಸವರುವಾಗ, ಹಳೇ ರೆಕ್ಕೆ ತೆಗೆದು ಹೊಸದಕ್ಕೆ ಜಾಗ ಮಾಡುವ ಲೆಕ್ಕಾಚಾರ ಇದೇ.

"ನಮ್ಮ ತೋಟದ ರೈಟ್ರಿಗೆ ಇದೆಲ್ಲ ಗೊತ್ತಾ?" ಎಂದು ಕೇಳಿದಳು. ಕೆಲಸ ಗೊತ್ತು, ಹೆಸರು ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ಕಲಿಯುವ ಅವಕಾಶ ಈ ಮಕ್ಕಳಿಗೆ ಇದೆ. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಶುರು ಮಾಡಿದ ಕಾಫಿ ಪ್ರಯೋಗ ಕೇಂದ್ರವೇ ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ನಮ್ಮ ಅರ್ಧ ತೋಟದಲ್ಲಿರುವ ಎಸ್.795 ಅಲ್ಲಿಯದೇ: ಕೆಂಟ್ಸ್ ತಳಿಗೂ ಎಸ್.288ಕ್ಕೂ ಮದುವೆ ಮಾಡಿಸಿದ್ದು. ಹೂವನ್ನು ಉದ್ದಕ್ಕೆ ಸೀಳಿ ಕೂತವರೇ ಅದನ್ನೂ ಮಾಡಿದ್ದು. ಹಾಗಾಗಿ ರೆಕಾರ್ಡ್ ಬುಕ್ಕು ದಂಡವಲ್ಲ, ಬರೆಯಲಿ.

ಕಡೆಗೊಂದು ಮಾತು ಬೇರಿನ ಬಗ್ಗೆ. ಇದು ಅವಳಿಗೆ ಹೇಳಿದ್ದು, ಹೊಸದಾಗಿ ತೋಟ ಮಾಡುವವರಿಗೂ ಆದೀತು. ಬೀಜವನ್ನು ಚಪ್ಪಟೆ ಮುಖ ಕೆಳಗೆ ಮಾಡಿ ಪಾತಿಯಲ್ಲಿಟ್ಟರೆ ಸುಮಾರು 45 ದಿನಕ್ಕೆ ಮೊಳೆಯುತ್ತದೆ. ಮೊಳಕೆಯ ಕಾಂಡ ಬೀಜವನ್ನೇ ತಲೆಯ ಮೇಲೆ ಹೊತ್ತು ಏಳುತ್ತದೆ. ನರ್ಸರಿಯವರು ಅದನ್ನು ಟೋಪಿ ಅನ್ನುತ್ತಾರೆ. ಆ ಹಂತದಲ್ಲೇ ಪ್ಲಾಸ್ಟಿಕ್ ತೊಟ್ಟೆಗೆ ದಾಟಿಸುವುದು. ಆಗ ಬೆರಳಲ್ಲಿ ಒತ್ತಿ ತುರುಕಿದರೆ ತಾಯಿಬೇರು ಮಡಚುತ್ತದೆ. ಮಡಚಿದ ಬೇರು ಮುಂದೆ ನೆಟ್ಟಗಾಗುವುದಿಲ್ಲ. ಎರಡು ಮೂರು ವರ್ಷ ಗಿಡ ಹಸಿರಾಗೇ ಇದ್ದು, ಮೊದಲ ಫಸಲಿನ ಭಾರಕ್ಕೋ ಬೇಸಿಗೆಗೋ ಸೋಲುತ್ತದೆ. ಕಿತ್ತು ನೋಡಿದರೆ ಬೇರು ಕೊಕ್ಕೆಯಾಗಿರುತ್ತದೆ. ತೊಟ್ಟೆಯಲ್ಲಿ ಹೆಚ್ಚು ದಿನ ನಿಂತ ಸಸಿಯದು ತಳದಲ್ಲಿ ಸುತ್ತಿಕೊಂಡಿರುತ್ತದೆ. ಜೂನಿನಲ್ಲಿ ಗುಂಡಿಗೆ ಇಳಿಸುವ ಮುಂಚೆ ತೊಟ್ಟೆಯ ತಳವನ್ನು ಒಂದಿಂಚು, ಸುತ್ತಿದ ಬೇರು ಸಮೇತ, ಚಾಕುವಿನಲ್ಲಿ ಕತ್ತರಿಸಿ ಬಿಸಾಡಿ. ಆಳುಗಳು ಹೊತ್ತಾಯಿತು ಎಂದು ಗೊಣಗುತ್ತಾರೆ, ಗೊಣಗಲಿ. ನೆಡುವ ದಿನ ನೀವೇ ಹೋಗಿ ಪಕ್ಕದಲ್ಲಿ ನಿಂತುಕೊಳ್ಳಿ.